ಪುಣೆಯ ಬಾಕ್ಸ್‌ಸ್ಟರ್ ಬೆಳಗಾವಿಗೆ ಬರುವ ಮುನ್ನ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಮತ್ತು ಮಷಿನ್ ಶಾಪ್ ಇದೆ. ಪುಣೆಯ ಪರಿಚಿತರೊಬ್ಬರ ಬಳಿ 2010ರ ಮಾದರಿಯ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ಮಾರಾಟಕ್ಕಿದೆ. ಆರು ಗೇರಿನ ಮ್ಯಾನ್ಯುಯಲ್, ಬಟ್ಟೆಯ ಟಾಪ್, ಇಬ್ಬರು ಮಾಲೀಕರು, ಓಡಿರುವುದು 21,000 ಕಿ.ಮೀ. ಮಾತ್ರ. ನೋಂದಣಿ ಆಗಿರುವುದು 2011ರ ಆಗಸ್ಟ್‌ನಲ್ಲಿ. 2018ರ ವರೆಗಿನ ಸರ್ವಿಸ್ ದಾಖಲೆ ಇದೆ. ಆಮೇಲೆ ಗಾಡಿ ಹೆಚ್ಚು ಓಡಿಲ್ಲವಾದ್ದರಿಂದ ಸರ್ವಿಸ್ ಬೇಕಾಗಲಿಲ್ಲ ಎನ್ನುತ್ತಾರೆ. ಬೆಲೆ 36 ಲಕ್ಷ. ಇದನ್ನು ಕೊಳ್ಳಬಹುದೇ? ನಮ್ಮ ಮಳೆ, ನಮ್ಮ ರಸ್ತೆ, ಈಗಿನ ಪೆಟ್ರೋಲು ಇದಕ್ಕೆ ಒಗ್ಗುತ್ತವೆಯೇ? ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?

ಉತ್ತರ: ಈ ಗಾಡಿಯ ಹಿಂದೆ ಹೋಗುವುದು ಸಾರ್ಥಕವೇ. ಆದರೆ 36 ಲಕ್ಷಕ್ಕೆ ಅಲ್ಲ, ತಪಾಸಣೆಗೆ ಮೊದಲು ಮುಂಗಡ ಕೊಟ್ಟೂ ಅಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೆಲೆಯಲ್ಲ, "ಓಡಿಲ್ಲವಾದ್ದರಿಂದ ಸರ್ವಿಸ್ ಬೇಕಾಗಲಿಲ್ಲ" ಎಂಬ ಮಾತು. ಹದಿನೈದು ವರ್ಷಕ್ಕೆ 21,000 ಕಿ.ಮೀ. ಎಂದರೆ ವರ್ಷಕ್ಕೆ 1,400, ದಿನಕ್ಕೆ ನಾಲ್ಕಕ್ಕೂ ಕಡಿಮೆ. ಅಂದರೆ ಈ ಗಾಡಿ ತನ್ನ ಆಯುಷ್ಯದ ಬಹುಭಾಗವನ್ನು ನಿಂತೇ ಕಳೆದಿದೆ. ಚೆನ್ನಾಗಿ ಇಟ್ಟುಕೊಂಡ ಗಾಡಿಗೂ ಸುಮ್ಮನೆ ನಿಲ್ಲಿಸಿಟ್ಟ ಗಾಡಿಗೂ ಇರುವ ಅಂತರವನ್ನು ಬಣ್ಣದ ಹೊಳಪಿನಲ್ಲಿ ಕಾಣಲಾಗುವುದಿಲ್ಲ, ಏಕೆಂದರೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ಓಡದ ಗಾಡಿಯ ಎಂಜಿನ್ ಆಯಿಲ್ ಕೂಡ ಹುಳಿಯುತ್ತದೆ, ಬ್ರೇಕ್ ಆಯಿಲ್ ಗಾಳಿಯಿಂದ ತೇವವನ್ನು ಹೀರುತ್ತಲೇ ಇರುತ್ತದೆ, ರಬ್ಬರು ಗಟ್ಟಿಯಾಗುತ್ತದೆ, ನಿಂತ ಕೂಲಂಟಿನಲ್ಲಿ ತುಕ್ಕು ತಡೆಯುವ ಗುಣ ಕುಂದುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ನಿಯಮಕ್ಕೆ ಕಿಲೋಮೀಟರಿನ ಸಂಬಂಧವೇ ಇಲ್ಲ.

ಇಷ್ಟು ಹೇಳಿಯೂ ನಾನು ಬೇಡ ಎನ್ನದಿರುವುದಕ್ಕೆ ಕಾರಣ ಈ ಮಾದರಿಯ ಎಂಜಿನ್. ಅದನ್ನು ನಿಮಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎರಕದ ಕೆಲಸ ತಿಳಿದವರಿಗೆ ಈ ಮಾತು ಬೇರೆಯವರಿಗಿಂತ ಬೇಗ ಮನದಟ್ಟಾಗುತ್ತದೆ.

ಬಾಕ್ಸರ್ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಎಂಜಿನ್) ಮತ್ತು ರೋಡ್‌ಸ್ಟರ್ (ಟಾಪ್ ತೆಗೆಯುವ ಎರಡು ಸೀಟಿನ ಕಾರು) ಎಂಬ ಎರಡು ಪದಗಳನ್ನು ಕೂಡಿಸಿ ಕಟ್ಟಿದ ಬಾಕ್ಸ್‌ಸ್ಟರ್ ಎಂಬ ಹೆಸರಿನ ಪ್ರದರ್ಶನ ಕಾರನ್ನು ಪೋರ್ಷೆ 1993ರಲ್ಲಿ ಡೆಟ್ರಾಯಿಟ್‌ನಲ್ಲಿ ತೋರಿಸಿತು. ಮಾರಾಟದ ಕಾರು ಬಂದದ್ದು 1996ರಲ್ಲಿ. ನೀವು ನೋಡುತ್ತಿರುವುದು 987 ಎಂಬ ಎರಡನೆಯ ಪೀಳಿಗೆ. ಈ ಪೀಳಿಗೆಯ ಎಸ್ ಮಾದರಿಯಲ್ಲಿ ಮೂರು ಬೇರೆ ಬೇರೆ ಎಂಜಿನ್‌ಗಳು ಬಂದಿವೆ. ಮೊದಲನೆಯದು 280 ಅಶ್ವಶಕ್ತಿಯ 3.2 ಲೀಟರಿನದು, ಎರಡನೆಯದು 2007ರ ಮಾದರಿಯಿಂದ ಬಂದ 295 ಅಶ್ವಶಕ್ತಿಯ 3.4 ಲೀಟರಿನದು, ಮೂರನೆಯದು 2009ರ ಮಾದರಿಯಿಂದ ಬಂದ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ, 310 ಅಶ್ವಶಕ್ತಿಯ ಹೊಸ 3.4 ಲೀಟರಿನದು. ಕೊನೆಯ ಎರಡೂ ಬಾಯಿಮಾತಿನಲ್ಲಿ 3.4 ಲೀಟರೇ ಆದರೂ ಅವು ಒಂದೇ ಎಂಜಿನ್ ಅಲ್ಲ. ಆದ್ದರಿಂದ ಪುಣೆಗೆ ಹೊರಡುವ ಮೊದಲೇ ಆರ್.ಸಿ.ಯ ಚಿತ್ರವನ್ನು ತರಿಸಿಕೊಂಡು ಸಿ.ಸಿ. ಅಂಕಣವನ್ನು ನೋಡಿ. ಅಲ್ಲಿ 3436 ಎಂದಿರಬೇಕು. 3387 ಎಂದಿದ್ದರೆ ಅದು ಹಿಂದಿನ 3.4, 3179 ಎಂದಿದ್ದರೆ ಅದಕ್ಕೂ ಹಿಂದಿನ 3.2. ಈ ಒಂದು ಸಂಖ್ಯೆ ನಿಮ್ಮ ಅರ್ಧ ಚಿಂತೆಯನ್ನು ಕಳೆಯುತ್ತದೆ ಅಥವಾ ಇಮ್ಮಡಿಗೊಳಿಸುತ್ತದೆ.

ಹಳೆಯ ಎರಡು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನಿಂದ ಕ್ಯಾಮ್‌ಶಾಫ್ಟಿಗೆ ಚಲನೆಯನ್ನು ಒಯ್ಯಲು ನಡುವೆ ಇನ್ನೊಂದು ಶಾಫ್ಟ್ ಇದೆ. ಅದರ ಒಂದು ತುದಿಯ ಬೇರಿಂಗು ಸವೆದು ಒಡೆದರೆ ಕ್ಯಾಮಿನ ಟೈಮಿಂಗ್ ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ ಒಂದೇ ನಿಮಿಷದಲ್ಲಿ ಹಾಳಾಗುತ್ತದೆ. 2009ರ ಎಂಜಿನ್‌ನಲ್ಲಿ ಆ ನಡುವಿನ ಶಾಫ್ಟೇ ಇಲ್ಲ, ಹಾಗಾಗಿ ಆ ಭಯವೂ ಇಲ್ಲ. ಎರಡನೆಯ ವ್ಯತ್ಯಾಸ ಸಿಲಿಂಡರ್ ಬೋರಿನದು, ಅಂದರೆ ಪಿಸ್ಟನ್ ಓಡಾಡುವ ಒಳಗೋಡೆಯದು. ಈ ಯಾವ ಎಂಜಿನ್‌ನಲ್ಲಿಯೂ ನಾವು ಬೆಳಗಾವಿಯಲ್ಲಿ ಎರಕ ಹೊಯ್ಯುವಂಥ ಗ್ರೇ ಐರನ್ನಿನ ಲೈನರ್ ಇಲ್ಲ. ಪಿಸ್ಟನ್ ಜಾರುವುದು ಅಲ್ಯೂಮಿನಿಯಮ್ಮಿನ ಗೋಡೆಯ ಮೇಲೆಯೇ. ಹಳೆಯ ಎಂಜಿನ್‌ನಲ್ಲಿ ಸಿಲಿಕಾನಿನ ಒಂದು ಉರುಳೆಯನ್ನು ಮೊದಲೇ ಅಚ್ಚಿನಲ್ಲಿ ಕೂರಿಸಿ, ಸುತ್ತಲೂ ಅಲ್ಯೂಮಿನಿಯಮ್ಮನ್ನು ಒತ್ತಡದಿಂದ ತುಂಬುವ ಲೋಕಾಸಿಲ್ ಎಂಬ ವಿಧಾನವಿತ್ತು; ಅದರಲ್ಲಿ ಸಿಲಿಕಾನ್ ಇರುವುದು ಬೋರಿನ ಸುತ್ತ ಮಾತ್ರ. ಹೊಸದರಲ್ಲಿ ಇಡೀ ಎರಕವೇ ಸುಮಾರು 17 ಪ್ರತಿಶತ ಸಿಲಿಕಾನ್ ಇರುವ ಅಲುಸಿಲ್ ಎಂಬ ಮಿಶ್ರಲೋಹದ್ದು. ಸಿಲಿಕಾನಿನ ಪ್ರಮಾಣ ಯೂಟೆಕ್ಟಿಕ್ ಬಿಂದುವನ್ನು, ಅಂದರೆ ಮಿಶ್ರಲೋಹ ಅತಿ ಕಡಿಮೆ ಶಾಖದಲ್ಲಿ ಕರಗುವ ಪ್ರಮಾಣವನ್ನು, ದಾಟಿದ ಮೇಲೆ ಸಿಲಿಕಾನಿನ ಗಟ್ಟಿ ಹರಳುಗಳು ಮೊದಲು ಬೇರ್ಪಡುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬೋರನ್ನು ಹೋನ್ ಮಾಡಿ (ನಯವಾದ ಕಲ್ಲಿನಿಂದ ಉಜ್ಜಿ), ಹರಳುಗಳ ನಡುವಿನ ಮೆತ್ತನೆಯ ಅಲ್ಯೂಮಿನಿಯಮ್ಮನ್ನು ಒಂದಿಷ್ಟು ಕೆಳಗಿಳಿಸಿ, ಹರಳುಗಳು ಮಾತ್ರ ತಲೆಯೆತ್ತಿ ನಿಲ್ಲುವಂತೆ ಮಾಡುತ್ತಾರೆ. ಪಿಸ್ಟನ್ನಿನ ಭಾರವನ್ನು ಹೊರುವುದು ಆ ಹರಳುಗಳು, ಆಯಿಲ್ ನಿಲ್ಲುವುದು ಅವುಗಳ ನಡುವಿನ ತಗ್ಗುಗಳಲ್ಲಿ. ಪಿಸ್ಟನ್ನಿನ ಬದಿಗೆ ಕಬ್ಬಿಣದ ತೆಳುವಾದ ಲೇಪನವಿರುತ್ತದೆ. ಆ ಲೇಪನ ಕಿತ್ತು ಅಲ್ಯೂಮಿನಿಯಮ್ಮಿನ ಮೇಲೆ ಅಲ್ಯೂಮಿನಿಯಮ್ಮೇ ಉಜ್ಜಿದರೆ ಗೋಡೆಯಲ್ಲಿ ಉದ್ದುದ್ದ ಗೀರು ಬೀಳುತ್ತದೆ. ಹಳೆಯ 3.4ರಲ್ಲಿ ಇದು ಹೆಚ್ಚಾಗಿ ಕಂಡಿರುವ ದೋಷ. ಹೊಸದರಲ್ಲಿ ವಿರಳ, ಆದರೆ ಅಸಾಧ್ಯವಲ್ಲ. ದೀರ್ಘಕಾಲ ನಿಂತ ಎಂಜಿನ್‌ನಲ್ಲಿ ಗೋಡೆಯ ಆಯಿಲ್ ಇಳಿದು ಹೋಗಿರುತ್ತದೆ ಎಂಬ ಕಾರಣಕ್ಕೆ ನಾನು ಇಲ್ಲಿ ವಿಶೇಷ ಎಚ್ಚರ ಕೇಳುತ್ತಿದ್ದೇನೆ.

ಇದನ್ನು ತಿಳಿಯಲು ಒಂದೇ ದಾರಿ: ಪ್ಲಗ್ ಬಿಚ್ಚಿ, ಸಣ್ಣ ಕ್ಯಾಮೆರಾವನ್ನು ಆರೂ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನನ್ನು ಕೆಳಕ್ಕೆ ತಂದು ಗೋಡೆಯ ಚಿತ್ರ ತೆಗೆಯುವುದು. ಬೇರೆ ಕಾರುಗಳಲ್ಲಿ ಎರಡು ಸೈಲೆನ್ಸರ್ ಕೊಳವೆಗಳ ಮಸಿಯನ್ನು ಹೋಲಿಸಿ ಯಾವ ಬದಿಯ ಸಿಲಿಂಡರು ಆಯಿಲ್ ಸುಡುತ್ತಿದೆ ಎಂದು ಊಹಿಸುವುದುಂಟು. ಬಾಕ್ಸ್‌ಸ್ಟರಿನಲ್ಲಿ ಎರಡು ಬದಿಯ ಹೊಗೆಯೂ ನಡುವಿನ ಬಾಯಿಯಲ್ಲೇ ಹೊರಬರುವುದರಿಂದ ಆ ಉಪಾಯ ನಡೆಯುವುದಿಲ್ಲ. ಮಾರುವವರು ಕ್ಯಾಮೆರಾ ತಪಾಸಣೆಗೆ ಒಪ್ಪದಿದ್ದರೆ ಕೈ ಮುಗಿದು ವಾಪಸು ಬನ್ನಿ. ಖರ್ಚು ನಿಮ್ಮದೇ ಆಗಿರಲಿ, ಆದರೆ ತಪಾಸಣೆ ಆಗಲೇಬೇಕು.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನೀವು ಮುಂದಿನ ಬಾನೆಟ್ ಎತ್ತಿದರೆ ಸಾಮಾನಿಡುವ ಡಿಕ್ಕಿ ಕಾಣುತ್ತದೆ, ಹಿಂದಿನದನ್ನು ಎತ್ತಿದರೂ ಡಿಕ್ಕಿಯೇ ಕಾಣುತ್ತದೆ. ಎಂಜಿನ್ ಇರುವುದು ಸೀಟುಗಳ ಹಿಂದೆ, ಗಾಡಿಯ ನಡುವೆ. ಟಾಪನ್ನು ಅರ್ಧ ಎತ್ತಿ ನಿಲ್ಲಿಸಿ ಮೇಲಿನಿಂದ ಸ್ವಲ್ಪ ನೋಡಬಹುದು, ಉಳಿದುದೆಲ್ಲ ಕೆಳಗಿನಿಂದ. ಹಾಗಾಗಿ ಮನೆಯ ಅಂಗಳದಲ್ಲಿ ನಿಂತು ಈ ಗಾಡಿಯನ್ನು ಪರೀಕ್ಷಿಸಲು ಬರುವುದಿಲ್ಲ, ಲಿಫ್ಟ್ ಇರುವ ಗ್ಯಾರೇಜಿಗೇ ಒಯ್ಯಬೇಕು. ಕೆಳಗಿನಿಂದ ನೋಡುವಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಆಯಿಲಿನ ತೇವ, ವಾಟರ್ ಪಂಪಿನ ಸುತ್ತ ಒಣಗಿದ ಕೂಲಂಟಿನ ಕಲೆ, ಸಸ್ಪೆನ್ಷನ್ ಬುಷ್‌ಗಳಲ್ಲಿ ಬಿರುಕು, ಎಕ್ಸಾಸ್ಟ್ ಬೋಲ್ಟುಗಳ ತುಕ್ಕು, ಇಲಿ ಕಡಿದ ವೈರಿನ ಗುರುತು ಇವನ್ನೆಲ್ಲ ಒಂದೊಂದಾಗಿ ನೋಡಿಸಿ. ನಿಂತ ಗಾಡಿಯ ಮೊದಲ ಬಾಡಿಗೆದಾರ ಇಲಿಯೇ ಎಂಬುದು ನಮ್ಮ ಕಡೆಯ ಪ್ರತಿಯೊಬ್ಬ ಮೇಸ್ತ್ರಿಯ ಅನುಭವ.

ಮುಂದಿನದು ಕಂಪ್ಯೂಟರಿನ ಸಾಕ್ಷ್ಯ. ಇದನ್ನು ನಾನು ಮಾರುವವರ ಮಾತಿಗಿಂತ ಹೆಚ್ಚು ನಂಬುತ್ತೇನೆ. ಎಂಜಿನ್ ನಿಯಂತ್ರಣ ಘಟಕದಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕವಿರುತ್ತದೆ. ಗಾಡಿಯ ಕಂಪ್ಯೂಟರನ್ನು ಓದುವ ಪೋರ್ಷೆಯ ಪಿವಿಸ್ ಯಂತ್ರವನ್ನು ಜೋಡಿಸಿ ಅದನ್ನು ಓದಿಸಿ, ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 21,000 ಕಿ.ಮೀ.ಗೆ 700 ಗಂಟೆ ಬಂದರೆ ಸರಾಸರಿ ಗಂಟೆಗೆ 30 ಕಿ.ಮೀ.; ಊರೊಳಗೂ ಹೈವೇಯಲ್ಲೂ ಓಡಿದ ಗಾಡಿಗೆ ಇದು ನಂಬಬಹುದಾದ ಲೆಕ್ಕ. ಅದೇ 1,800 ಗಂಟೆ ಬಂದರೆ ಸರಾಸರಿ 12ಕ್ಕೂ ಕೆಳಗಿಳಿಯುತ್ತದೆ. ಆಗ ಮೀಟರಿನ ಸಂಖ್ಯೆಯ ಮೇಲೆ ಅನುಮಾನ ಪಡುವುದು ತಪ್ಪಲ್ಲ. ಅದೇ ಯಂತ್ರ ಇನ್ನೊಂದು ವರದಿಯನ್ನೂ ಕೊಡುತ್ತದೆ: ಎಂಜಿನ್ ತನ್ನ ಮಿತಿಯನ್ನು ಮೀರಿ ತಿರುಗಿದ ಸಂದರ್ಭಗಳನ್ನು ಒಂದರಿಂದ ಆರರ ವರೆಗಿನ ದರ್ಜೆಗಳಲ್ಲಿ, ಕೊನೆಯ ಬಾರಿ ಎಷ್ಟನೆಯ ಗಂಟೆಯಲ್ಲಿ ಹಾಗಾಯಿತು ಎಂಬ ವಿವರದೊಂದಿಗೆ. ಮ್ಯಾನ್ಯುಯಲ್ ಗಾಡಿಗೆ ಇದು ಬಹಳ ಮುಖ್ಯ. ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು ಮಿತಿ ಮೀರಿಸಲು ಕಂಪ್ಯೂಟರ್ ಬಿಡುವುದಿಲ್ಲ; ಆದರೆ ಐದನೆಯ ಗೇರಿನಿಂದ ನಾಲ್ಕಕ್ಕೆ ಬರುವ ಬದಲು ಕೈ ತಪ್ಪಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಅದನ್ನು ಯಾವ ಕಂಪ್ಯೂಟರೂ ತಡೆಯಲಾರದು. ಕೆಳಗಿನ ಒಂದೆರಡು ದರ್ಜೆಗಳಲ್ಲಿ ಕೆಲವು ಎಣಿಕೆಗಳಿದ್ದರೆ ಹೆದರಬೇಡಿ, ಈ ಗಾಡಿಯನ್ನು ಹುರುಪಿನಿಂದ ಓಡಿಸಲೆಂದೇ ಕೊಳ್ಳುತ್ತಾರೆ. ಐದು ಮತ್ತು ಆರನೆಯ ದರ್ಜೆಗಳಲ್ಲಿ ಎಣಿಕೆ ಇದ್ದು, ಅದೂ ಇತ್ತೀಚಿನ ಗಂಟೆಗಳಲ್ಲಿ ಇದ್ದರೆ, ಆ ಗಾಡಿಯನ್ನು ಬಿಟ್ಟುಬಿಡಿ.

ಮ್ಯಾನ್ಯುಯಲ್ ಎಂಬುದೇ ಈ ಗಾಡಿಯನ್ನು ಅಪರೂಪವಾಗಿಸುವುದು ಎಂದೂ ಹೇಳಬೇಕು. ಅದೇ 2009ರಲ್ಲಿ ಏಳು ಗೇರಿನ, ಎರಡು ಕ್ಲಚ್ಚಿನ ಪಿ.ಡಿ.ಕೆ. ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್ ಬಂದ ಮೇಲೆ ನಮ್ಮ ದೇಶದ ಹೆಚ್ಚಿನ ಗಿರಾಕಿಗಳು ಅದನ್ನೇ ಆರಿಸಿಕೊಂಡರು. ಮ್ಯಾನ್ಯುಯಲ್ ಗಾಡಿ ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 5.3 ಸೆಕೆಂಡು ತೆಗೆದುಕೊಳ್ಳುತ್ತದೆ, ಪಿ.ಡಿ.ಕೆ. ಅದಕ್ಕಿಂತ ಕೂದಲೆಳೆಯಷ್ಟು ಮುಂದು. ಆದರೂ 1,355 ಕಿಲೋ ತೂಕದ, ಎಂಜಿನ್ ನಡುವೆ ಇರುವ, ಟರ್ಬೊ ಇಲ್ಲದ ಆರು ಸಿಲಿಂಡರಿನ ಗಾಡಿಯಲ್ಲಿ ಗೇರನ್ನು ತಾನೇ ಹಾಕುವ ಸುಖಕ್ಕೆ ಸಾಟಿಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥ ಗಾಡಿ ಇನ್ನು ತಯಾರಾಗುವುದು ಕಡಿಮೆ. ಆದ್ದರಿಂದಲೇ ಇದು ಒಳ್ಳೆಯ ಕೈ ಸೇರಲಿ ಎಂದು ನಾನು ಬಯಸುತ್ತೇನೆ.

ಗಾಡಿಯ ಗುರುತನ್ನು ದೃಢಪಡಿಸಿಕೊಳ್ಳಲು ಚಾಸಿಸ್ ಸಂಖ್ಯೆಯೇ ಸಾಕು. ಮುಂದಿನ ಗಾಜಿನ ಕೆಳ ಅಂಚಿನಲ್ಲಿ ಅದು ಕಾಣುತ್ತದೆ. ಹದಿನೇಳು ಅಕ್ಷರಗಳಲ್ಲಿ ಏಳು ಮತ್ತು ಎಂಟನೆಯ ಸ್ಥಾನದಲ್ಲಿ 98, ಹನ್ನೆರಡನೆಯ ಸ್ಥಾನದಲ್ಲಿ 7 ಇರಬೇಕು. ಇವೆರಡನ್ನು ಕೂಡಿಸಿದರೆ 987. ಹತ್ತನೆಯ ಅಕ್ಷರ 'ಎ' ಆಗಿದ್ದರೆ 2010ರ ಮಾದರಿ, 'ಬಿ' ಆಗಿದ್ದರೆ 2011ರದು. ಹನ್ನೊಂದನೆಯದು 'ಯು' ಆಗಿದ್ದರೆ ಗಾಬರಿ ಬೇಡ: ಆ ವರ್ಷಗಳಲ್ಲಿ ಬಾಕ್ಸ್‌ಸ್ಟರುಗಳನ್ನು ಫಿನ್ಲೆಂಡಿನ ಊಸಿಕೌಪುಂಕಿ ಎಂಬ ಊರಿನಲ್ಲಿಯೂ ಜೋಡಿಸುತ್ತಿದ್ದರು, 'ಯು' ಆ ಊರಿನ ಗುರುತು. ಸಂಖ್ಯೆ ಆರ್.ಸಿ.ಗೂ, ಇನ್‌ವಾಯ್ಸಿಗೂ, ವಿಮಾ ಪತ್ರಕ್ಕೂ ಅಕ್ಷರಶಃ ಹೊಂದಬೇಕು. ಗಾಡಿ ಕಂಪನಿಯ ವಿತರಕರಿಂದ ಬಂದದ್ದಲ್ಲದೆ ಯಾರೋ ಸ್ವಂತವಾಗಿ ಹೊರದೇಶದಿಂದ ತಂದದ್ದಾಗಿದ್ದರೆ, ಕಸ್ಟಮ್ಸ್ ಸುಂಕ ಕಟ್ಟಿದ ಮೂಲ ಕಾಗದವನ್ನು ಕಣ್ಣಾರೆ ನೋಡದೆ ಮುಂದಿನ ಮಾತು ಬೇಡ.

ಈಗ ಮಳೆಯ ವಿಷಯ. ಬೆಳಗಾವಿಯವರು ಟಾಪ್ ತೆಗೆಯುವ ಗಾಡಿ ಕೊಳ್ಳುವಾಗ ಎಂಜಿನ್‌ಗಿಂತಲೂ ಹೆಚ್ಚು ಯೋಚಿಸಬೇಕಾದುದು ಇದೇ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಘಟ್ಟದ ಕಡೆಯಿಂದ ಬರುವ ನಮ್ಮ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಖಾನಾಪುರದ ದಿಕ್ಕಿಗೆ ಹೋದಷ್ಟೂ ಅದು ಹೆಚ್ಚು. ಈ ಗಾಡಿಯ ಬಟ್ಟೆಯ ಟಾಪು ಮಳೆಯನ್ನು ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಇರುವುದು ಟಾಪಿನಿಂದ ಇಳಿದ ನೀರು ಹೋಗುವ ದಾರಿಯಲ್ಲಿ. ಟಾಪು ಮಡಚಿ ಕೂರುವ ಗೂಡಿನ ಎರಡೂ ಮೂಲೆಗಳಲ್ಲಿ ನೀರಿಳಿಯುವ ತೂತುಗಳಿವೆ. ಮರದ ಕೆಳಗೆ ನಿಲ್ಲುವ ಗಾಡಿಯಲ್ಲಿ ಎಲೆಚೂರು, ಹೂವಿನ ಪುಡಿ, ಧೂಳು ಸೇರಿ ಅವು ಕಟ್ಟಿಕೊಳ್ಳುತ್ತವೆ. ಆಗ ನೀರು ಗೂಡಿನಲ್ಲಿ ತುಂಬಿ, ಸೀಟುಗಳ ಹಿಂದಿನಿಂದ ಒಳಗಿಳಿದು, ಕಾರ್ಪೆಟ್ಟಿನ ಅಡಿಯ ಸ್ಪಂಜಿನಲ್ಲಿ ನಿಲ್ಲುತ್ತದೆ. ಮೇಲಿನ ಕಾರ್ಪೆಟ್ ಒಣಗಿದ್ದರೂ ಅಡಿಯ ಸ್ಪಂಜು ತಿಂಗಳುಗಟ್ಟಲೆ ಹಸಿಯಾಗಿರುತ್ತದೆ, ತಳದಲ್ಲಿ ಹಾಯುವ ವೈರುಗಳೂ ಕನೆಕ್ಟರುಗಳೂ ಹಸಿರುಗಟ್ಟುತ್ತವೆ. ಕಾರಣ ತಿಳಿಯದ ವಿದ್ಯುತ್ ದೋಷಗಳಿಗೆ ಮೂಲ ಬಹುಪಾಲು ಇಲ್ಲಿಯೇ. ಗಾಡಿ ನೋಡುವಾಗ ಸೀಟುಗಳನ್ನು ಮುಂದೆ ಸರಿಸಿ, ಹಿಂಬದಿಯ ಕಾರ್ಪೆಟ್ಟನ್ನು ಬೆರಳಿನಿಂದ ಒತ್ತಿ, ಬಗ್ಗಿ ವಾಸನೆ ನೋಡಿ. ಮುಗ್ಗಲು ವಾಸನೆಯನ್ನು ಯಾವ ಸುಗಂಧವೂ ಪೂರ್ತಿ ಮುಚ್ಚಲಾರದು. ಬದಲಿಗೆ ಕಾರಿನೊಳಗೆ ಅತಿಯಾದ ಸುಗಂಧವಿದ್ದರೆ ಅದೇ ಒಂದು ಸುಳಿವು. ಆಮೇಲೆ ಅರ್ಧ ಮಗ್ಗು ನೀರನ್ನು ನಿಧಾನವಾಗಿ ಆ ಮೂಲೆಗಳಿಗೆ ಸುರಿಸಿ, ಹಿಂಚಕ್ರಗಳ ಮುಂದೆ ನೆಲಕ್ಕೆ ಬೀಳುತ್ತದೆಯೇ ನೋಡಿ.

ಟಾಪನ್ನು ಕನಿಷ್ಠ ಮೂರು ಬಾರಿ ತೆರೆದು ಮುಚ್ಚಿಸಿ. ಸರಿಯಿದ್ದರೆ ಒಂದು ಸಲಕ್ಕೆ ಸುಮಾರು 12 ಸೆಕೆಂಡು ಸಾಕು. ಗಂಟೆಗೆ 50 ಕಿ.ಮೀ. ವರೆಗಿನ ವೇಗದಲ್ಲಿ ಓಡುತ್ತಲೇ ಇದನ್ನು ಮಾಡಬಹುದು. ಎರಡು ಬದಿಯೂ ಒಂದೇ ಸಮನೆ ಏಳಬೇಕು, ಒಂದು ಬದಿ ಎಳೆದಂತಾದರೆ ಒಳಗಿನ ಕೇಬಲ್ಲೋ ಜೋಡಣೆಯ ತುಂಡೋ ಸವೆದಿದೆ ಎಂದರ್ಥ. ಮಡಿಕೆ ಬೀಳುವ ಜಾಗದಲ್ಲಿ ಬಟ್ಟೆ ನವೆದಿದೆಯೇ, ಹಿಂದಿನ ಗಾಜಿನ ಸುತ್ತಲಿನ ಅಂಟು ಬಿಟ್ಟಿದೆಯೇ ಎಂಬುದನ್ನು ಬೆಳಕಿಗೆ ಎದುರಾಗಿ ಒಳಗಿನಿಂದ ನೋಡಿ. ಕೊಂಡ ಮೇಲೆ ನೀವು ಪಾಲಿಸಬೇಕಾದ ಒಂದು ಕಟ್ಟುನಿಟ್ಟಿದೆ: ಒದ್ದೆ ಟಾಪನ್ನು ಮಡಚಬಾರದು. ನಮ್ಮ ಮಳೆಗಾಲದ ತೇವದಲ್ಲಿ ಮಡಚಿದ ಒದ್ದೆ ಬಟ್ಟೆಗೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮಳೆಯ ನಾಲ್ಕು ತಿಂಗಳು ಗಾಳಿಯಾಡುವ, ಗಟ್ಟಿ ನೆಲದ ಶೆಡ್ಡಿನಲ್ಲಿ ಟಾಪು ಮುಚ್ಚಿಯೇ ಇರಲಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಡುವು ನೋಡಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು, ಅಂದರೆ ಕನಿಷ್ಠ ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಒಳಿತಿಗಿಂತ ಕೆಡುಕನ್ನೇ ಹೆಚ್ಚು ಮಾಡುತ್ತದೆ, ಏಕೆಂದರೆ ಹಾಗೆ ಹುಟ್ಟಿದ ತೇವ ಆಯಿಲಿನಲ್ಲೇ ಉಳಿಯುತ್ತದೆ.

ಪೆಟ್ರೋಲಿನ ಬಗ್ಗೆ ನೀವು ಕೇಳಿದ್ದು ಸಕಾಲಿಕ. ನಮ್ಮ ಜಿಲ್ಲೆಯ ಕಬ್ಬಿನಿಂದಲೇ ತಯಾರಾಗುವ ಎಥನಾಲ್ ಈಗ 20 ಪ್ರತಿಶತದಷ್ಟು ಪೆಟ್ರೋಲಿನಲ್ಲಿ ಬೆರೆತು ಬರುತ್ತಿದೆ. ಈ ಗಾಡಿಯನ್ನು ತಯಾರಿಸಿದಾಗ ಕಂಪನಿ ಒಪ್ಪಿದ್ದು 10 ಪ್ರತಿಶತದ ವರೆಗೆ ಮಾತ್ರ. 12.5ಕ್ಕೆ 1 ಎಂಬ ಎತ್ತರದ ಕಂಪ್ರೆಷನ್ ಇರುವ ಎಂಜಿನ್‌ಗೆ ಎಥನಾಲಿನ ಆಕ್ಟೇನ್ ಗುಣದಿಂದ ಹಾನಿಯಿಲ್ಲ, ಅದು ಉಪಕಾರಿಯೇ. ತೊಂದರೆ ಬರುವುದು ಹಳೆಯ ರಬ್ಬರ್ ಸೀಲು, ಹೋಸು ಮತ್ತು ನೇರ ಇಂಜೆಕ್ಷನ್ನಿನ ಅಧಿಕ ಒತ್ತಡದ ಪಂಪಿಗೆ, ಜೊತೆಗೆ ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕಿಗೆ. ಅಧಿಕ ಒತ್ತಡದ ಆ ಪಂಪು ಈ ಎಂಜಿನ್‌ನಲ್ಲಿ ಕೈಕೊಡುವ ಭಾಗಗಳಲ್ಲೊಂದು. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಬಹಳ ಹೊತ್ತು ತಿರುಗಿದರೆ ಮೊದಲು ಅದನ್ನೇ ಅನುಮಾನಿಸಿ. ತಯಾರಕರು ಕೇಳುವುದು 98 ಆಕ್ಟೇನ್. ಆದ್ದರಿಂದ 100 ಆಕ್ಟೇನಿನ ಪೆಟ್ರೋಲು ಸಿಗುವ ನಗರಕ್ಕೆ ಹೋದಾಗಲೆಲ್ಲ ಅದನ್ನೇ ತುಂಬಿಸಿ, ಬಂಕಿನಲ್ಲಿ ಎಥನಾಲ್ ಬೆರಕೆ ಎಷ್ಟೆಂದು ಕೇಳಿಕೊಳ್ಳಿ. ಉಳಿದಂತೆ 95 ಆಕ್ಟೇನಿನದು. ಮಳೆಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕು ತುಂಬಿರಲಿ, ಗಾಳಿಗೆ ಜಾಗ ಕಡಿಮೆಯಾದಷ್ಟೂ ತೇವವೂ ಕಡಿಮೆ. ಈಗ ಆ ಗಾಡಿಯ ಟ್ಯಾಂಕಿನಲ್ಲಿ ವರ್ಷಗಳ ಹಿಂದಿನ ಪೆಟ್ರೋಲು ಇರಬಹುದಾದ್ದರಿಂದ, ಅದನ್ನು ಇಳಿಸಿ ಹೊಸದನ್ನು ಹಾಕಿದ ನಂತರವೇ ಓಡಿಸಿ ನೋಡಿ.

ಟೈರುಗಳ ಮೇಲೆ ನಾಲ್ಕು ಅಂಕಿಯ ತಯಾರಿಕೆಯ ಗುರುತಿದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಆಳವಾಗಿದ್ದರೂ ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆ ಇರುವುದರಿಂದ ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲಾಗದು. ಸ್ಟೆಪ್ನಿ ಇಲ್ಲ, ಗಾಳಿ ತುಂಬುವ ಪಂಪು ಮತ್ತು ತೂತು ಮುಚ್ಚುವ ದ್ರವ ಮಾತ್ರ ಇರುತ್ತದೆ. ಚೋರ್ಲಾ ಘಟ್ಟದ ಗುಂಡಿಯಲ್ಲಿ ಟೈರಿನ ಬದಿ ಸೀಳಿದರೆ ಆ ದ್ರವ ಉಪಯೋಗಕ್ಕೆ ಬಾರದು. ಗೋವೆಗೆ ಹೋಗುವ ಆಸೆ ನಿಮಗಿದ್ದರೆ ರಸ್ತೆಯ ಸ್ಥಿತಿಯನ್ನು ಅದೇ ವಾರ ಹೋಗಿ ಬಂದವರಿಂದ ತಿಳಿದೇ ಹೊರಡಿ. ಇದು ನಿಪ್ಪಾಣಿ, ಸಂಕೇಶ್ವರ, ಹತ್ತರಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ಗಾಡಿ, ಬೆಳಗಿನ ಆರು ಗಂಟೆಯ ಗಾಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಂದ ಉದುರುವ ರವದಿ (ಕಬ್ಬಿನ ಒಣ ಎಲೆ) ಮುಂದಿನ ಬಂಪರಿನ ಎರಡು ಬದಿಯ ಬಾಯಿಗಳಿಂದ ಒಳಹೋಗಿ ರೇಡಿಯೇಟರುಗಳ ಮುಂದೆ ಗೂಡು ಕಟ್ಟುತ್ತದೆ. ಅದು ನೆನೆದು ಕೊಳೆತರೆ ರೇಡಿಯೇಟರನ್ನೂ ಎ.ಸಿ. ಕಂಡೆನ್ಸರನ್ನೂ ತಿನ್ನುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಅದನ್ನು ತೆಗೆಸುವುದನ್ನು ನಮ್ಮ ಭಾಗದವರು ಸರ್ವಿಸ್ಸಿನ ಭಾಗವೆಂದೇ ಎಣಿಸಬೇಕು.

ಕಾಗದಪತ್ರದಲ್ಲಿ ಒಂದು ತುರ್ತಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2011ರ ಆಗಸ್ಟ್‌ನ ನೋಂದಣಿ ಎಂದರೆ 2026ರ ಆಗಸ್ಟ್‌ಗೆ ಕೊನೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆಮದು ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 40,000 ರೂಪಾಯಿಗೆ ಏರಿಸಿದೆ; ಅದರ ಮೇಲೆ ಹಸಿರು ತೆರಿಗೆ ಬೇರೆ. ನವೀಕರಣವನ್ನು ಮಾರುವವರೇ ಪುಣೆಯಲ್ಲಿ ತಮ್ಮ ಹೆಸರಿನಲ್ಲಿ ಮಾಡಿಸಿಕೊಡಲಿ ಎಂಬ ಷರತ್ತು ಹಾಕಿ. ಅವಧಿ ಮುಗಿದ ಆರ್.ಸಿ.ಯೊಂದಿಗೆ ರಾಜ್ಯ ಬದಲಿಸುವುದು ದೊಡ್ಡ ತಲೆನೋವು. ನಂತರ ಅಲ್ಲಿನ ಆರ್.ಟಿ.ಓ.ದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದಿದ್ದರೆ ಅದು ತೀರಿದ ಬಗ್ಗೆ ನಮೂನೆ 35, ಕರ್ನಾಟಕದ ಸಂಖ್ಯೆಗಾಗಿ ನಮೂನೆ 27 ಬೇಕು. ಬಾಕಿ ಇ-ಚಲನ್‌ಗಳು ತೀರಿರಬೇಕು, ಹೊಸ ಸುರಕ್ಷತಾ ನಂಬರ್ ಪ್ಲೇಟು ಇರಬೇಕು.

ಇದಕ್ಕಿಂತ ದೊಡ್ಡದು ಕರ್ನಾಟಕದ ಆಜೀವ ತೆರಿಗೆ. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಪ್ರಮಾಣ ಇಳಿಯುತ್ತದೆಯಾದರೂ ಸೊನ್ನೆಯಾಗುವುದಿಲ್ಲ. ಮೂಲ ಇನ್‌ವಾಯ್ಸಿನ ಪ್ರತಿಯನ್ನು ಹಿಡಿದು ಬೆಳಗಾವಿಯ ಆರ್.ಟಿ.ಓ. ಕಚೇರಿಗೆ ಹೋಗಿ ಮೊತ್ತವನ್ನು ಬರೆಸಿಕೊಂಡು ಬನ್ನಿ, ಆಮೇಲೆ ಬೆಲೆಯ ಮಾತಾಡಿ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಲೇಬೇಕೆಂಬುದು ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು, ಎಂ.ಎಚ್. ಸಂಖ್ಯೆಯಲ್ಲೇ ಓಡಿಸಿಕೊಂಡಿರಿ ಎಂಬ ಸಲಹೆಗೆ ಕಿವಿಗೊಡಬೇಡಿ. ವಿಮೆಯಲ್ಲಿ ಐದು ವರ್ಷ ಮೀರಿದ ಗಾಡಿಯ ಮೌಲ್ಯವನ್ನು ನೀವೂ ಕಂಪನಿಯೂ ಮಾತಾಡಿ ನಿಗದಿಪಡಿಸಿಕೊಳ್ಳಬೇಕಾಗುತ್ತದೆ. ತಪಾಸಣೆಯ ವರದಿ ಮತ್ತು ಚಿತ್ರಗಳನ್ನು ಅಲ್ಲಿಯೂ ಬಳಸಿಕೊಳ್ಳಿ.

ಬೆಲೆಗೆ ಬರೋಣ. ಪುಣೆ ಅಥವಾ ಮುಂಬೈಯಲ್ಲಿ ಈ ಗಾಡಿ ಬಲ್ಲ ಗ್ಯಾರೇಜಿನಿಂದ ಕೆಳಗಿನ ಕೆಲಸಗಳಿಗೆ ಲಿಖಿತ ಅಂದಾಜು ತರಿಸಿ: ಎಲ್ಲ ದ್ರವಗಳು, ಫಿಲ್ಟರುಗಳು, ಪ್ಲಗ್ಗುಗಳು, ಡ್ರೈವ್ ಬೆಲ್ಟು, ಬ್ಯಾಟರಿ, ನಾಲ್ಕು ಟೈರು, ವಾಟರ್ ಪಂಪು, ಸವೆದ ಬುಷ್‌ಗಳು. ಆ ಮೊತ್ತವನ್ನೂ ನವೀಕರಣದ ಖರ್ಚನ್ನೂ 36 ಲಕ್ಷದಿಂದ ಕಳೆಯಿರಿ. ಆಜೀವ ತೆರಿಗೆಯ ಅರ್ಧವನ್ನಾದರೂ ಕಳೆಯಲು ಕೇಳಿ. ಉಳಿಯುವುದು ನೀವು ಕೊಡಬಹುದಾದ ಗರಿಷ್ಠ ಬೆಲೆ. ಕ್ಲಚ್ ಜಾರುತ್ತಿದ್ದರೆ ಅದು ಬೇರೆಯೇ ಲೆಕ್ಕ, ಗೇರ್‌ಬಾಕ್ಸ್ ಇಳಿಸದೆ ಆ ಕೆಲಸ ಆಗದು. ಇದಲ್ಲದೆ ಐದಾರು ಲಕ್ಷವನ್ನು ಮೊದಲ ಎರಡು ವರ್ಷಕ್ಕೆಂದು ಬದಿಗಿಡಿ. ಅಷ್ಟು ಇಡಲಾಗದಿದ್ದರೆ ಗಾಡಿ ಕೈಗೆಟಕುವ ಬೆಲೆಗೆ ಬಂದರೂ ಕೊಳ್ಳಬೇಡಿ ಎಂಬುದು ನನ್ನ ಪ್ರಾಮಾಣಿಕ ಸಲಹೆ, ಏಕೆಂದರೆ ಕಂಪನಿಯ ಸರ್ವಿಸ್ ಕೇಂದ್ರವಿರುವ ಬೆಂಗಳೂರೂ ಮುಂಬೈಯೂ ನಮ್ಮಿಂದ ಸುಮಾರು 500 ಕಿ.ಮೀ. ದೂರ, ದೋಷ ಬಂದಾಗ ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು. ಬುಷ್ ಒತ್ತುವುದು, ಬೋಲ್ಟ್ ತಿರುಗಿಸುವುದು ನಿಮ್ಮ ಶಾಪಿನಲ್ಲೇ ಆಗುತ್ತದೆ ಎಂಬುದು ನಿಮಗಿರುವ ದೊಡ್ಡ ಅನುಕೂಲ. ಆದರೆ ಬೋರಿನ ತಂಟೆಗೆ ಮಾತ್ರ ಹೋಗಬೇಡಿ. ಅಲುಸಿಲ್ ಬೋರಿಗೆ ಸಾಮಾನ್ಯ ಹೋನಿಂಗ್ ಕಲ್ಲು ಹಾಕಿದರೆ ಹರಳುಗಳು ಒಡೆದು ಗೋಡೆ ಹಾಳಾಗುತ್ತದೆ.

ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ, ನೀವು ತಲುಪುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಕೇಳಿಕೊಳ್ಳಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಮುಂದಿನ ಬಾನೆಟ್ಟೇ ತೆರೆಯುವುದಿಲ್ಲ, ಬ್ಯಾಟರಿ ಇರುವುದೂ ಅದರೊಳಗೇ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯುವ ಒಂದು ತುದಿಯಿದೆ, ಅದಕ್ಕೆ ಹೊರಗಿನ ಬ್ಯಾಟರಿಯ ಧನ ತಂತಿಯನ್ನು ಹಚ್ಚಿ ತೆರೆಯಬೇಕು. ಆರ್.ಸಿ.ಯ ಸಿ.ಸಿ. ಸಂಖ್ಯೆ, ಎಂಜಿನ್ ಗಂಟೆಗಳು, ಆರು ದರ್ಜೆಗಳ ಎಣಿಕೆ ಮತ್ತು ಬೋರಿನ ಆರು ಚಿತ್ರಗಳು ಕೈಗೆ ಬಂದ ಕೂಡಲೇ ನನಗೆ ಕಳುಹಿಸಿ. ಬೆಲೆ ಅಂತಿಮಗೊಳಿಸುವ ಮೊದಲು ಅವನ್ನು ನೋಡಿ ಉತ್ತರ ಬರೆಯುತ್ತೇನೆ.